ಅರಿವಳಿಕೆ ಡಾಕ್ಟರಿಗೆ ದಾಫಿನಕ್ಕ ಹೇಳಿದ್ದು

ನಮ್ಮೂರು ಗೋರ್ನಾ ಲಿವಾದದಲ್ಲಿ ಯಾರಿಗಾದರೂ ಹೊಟ್ಟೆನೋವು ಬಂದರೆ ಮೊದಲು ಔಷಧಿ ಅಂಗಡಿಗೆ ಹೋಗುವುದಿಲ್ಲ, ದಾಫಿನಕ್ಕನ ಮನೆಗೆ ಹೋಗುತ್ತಾರೆ. ಔಷಧಿ ಅಂಗಡಿಗೆ ಬಸ್ಸು ಹಿಡಿಯಬೇಕು, ದಾಫಿನಕ್ಕನ ಮನೆಗೆ ಬೇಲಿ ದಾಟಿದರೆ ಸಾಕು ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಬೆಟ್ಟದ ಬಗ್ಗೆ ನಮಗಿರುವ ಜಂಬ. ರೊಡೋಪಿ ಬೆಟ್ಟದಲ್ಲಿ ಹುಟ್ಟಿದವರಿಗೆ ಆ ಜಂಬ ಇರಲೇಬೇಕು. ಇಲ್ಲದವರು ಎಲ್ಲಿಂದಲೋ ಬಂದು ಸೇರಿಕೊಂಡವರು ಎಂದೇ ನನ್ನ ಲೆಕ್ಕ.

ನಾನು ಸ್ತಾಮೆನ, ದಾಫಿನಕ್ಕನ ಪಕ್ಕದ ಮನೆಯವಳು. ಈ ಕಥೆ ಅವಳದು. ನಾಲ್ಕು ಜನರಿಗೆ ಹೇಳು ಎಂದು ಅವಳೇ ಅಪ್ಪಣೆ ಕೊಟ್ಟಿದ್ದಾಳೆ, ತನ್ನ ಮೊಂಡುತನವನ್ನೂ ಬಿಡದೆ ಹೇಳು ಎಂದಿದ್ದಾಳೆ. ಅದನ್ನು ಬಿಟ್ಟರೆ ಕಥೆಯೇ ಇಲ್ಲವಲ್ಲ.

ಜೂನ್ ತಿಂಗಳ ಕೊನೆಗೆ ನಮ್ಮಲ್ಲಿ ಎನ್ಯೊವ್ ಹಬ್ಬ ಬರುತ್ತದೆ. ಅವತ್ತು ಸೂರ್ಯ ಹುಟ್ಟುವ ಮುಂಚೆ ಕಿತ್ತ ಗಿಡಮೂಲಿಕೆಗೆ ವರ್ಷದಲ್ಲೇ ಹೆಚ್ಚಿನ ಶಕ್ತಿ ಇರುತ್ತದೆ ಎಂದು ನಾವು ನಂಬುತ್ತೇವೆ. ಊರಿನ ಹೆಂಗಸರೆಲ್ಲ ಇಬ್ಬನಿಯಲ್ಲಿ ಕಾಲು ನೆನೆಸಿಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗುತ್ತೇವೆ. ಎಲ್ಲರಿಗಿಂತ ಮುಂದೆ ನಡೆಯುವವಳು ದಾಫಿನಕ್ಕ. ಯಾವ ಗಿಡ ಕೀಳಬೇಕು, ಯಾವುದನ್ನು ಬೀಜಕ್ಕೆ ಬಿಡಬೇಕು ಎಂದು ಅವಳು ಬೆರಳು ಮಾಡಿ ತೋರಿಸಿದರೆ ಎದುರಾಡುವವರಿಲ್ಲ. ಅವಳ ಅಮ್ಮನೂ ಹಾಗೇ ಮುಂದೆ ನಡೆದವಳು.

ಹೋದ ಎರಡು ವರ್ಷದಿಂದ ಅವಳ ಕುತ್ತಿಗೆಯಲ್ಲಿ ಒಂದು ಗಂಟು ಬೆಳೆಯುತ್ತಿತ್ತು. ಮೊದಮೊದಲು ತಲೆವಸ್ತ್ರ ಇಳಿಸಿ ಕಟ್ಟಿ ಮುಚ್ಚಿಕೊಂಡಳು. ಆಮೇಲೆ ಮುಚ್ಚಲಾಗದಷ್ಟು ಆಯಿತು. ಮಲಗಿದರೆ ಉಸಿರು ಕಟ್ಟುವುದು, ಹುಲ್ಲುಗಾವಲಿನ ಏರು ಹತ್ತುವಾಗ ಶಿಳ್ಳೆ ಹೊಡೆದಂತೆ ಸದ್ದು ಬರುವುದು. ಪಟ್ಟಣದ ಆಸ್ಪತ್ರೆಯಲ್ಲಿ ನೋಡಿ, ಥೈರಾಯಿಡ್ ಗಂಟು ಶ್ವಾಸನಾಳವನ್ನು ಒತ್ತುತ್ತಿದೆ, ಪೂರ್ತಿ ಅರಿವಳಿಕೆ ಕೊಟ್ಟು ತೆಗೆಯಲೇಬೇಕು ಎಂದರು. ಬಹಳ ತಿಂಗಳು ಕಾಯಿಸಿ ಮೇ ತಿಂಗಳ ಕೊನೆಗೆ ದಿನ ಕೊಟ್ಟರು.

ದಿನ ಸಿಕ್ಕಿದ್ದೇ ತಡ, ಊರು ಎಚ್ಚೆತ್ತಿತು. ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಆಸ್ಪತ್ರೆಗೆ ಹೊರಟರೆ ಪ್ರತಿ ಮನೆಯವರೂ ಎನ್ಯೊವ್ ಹಬ್ಬದಲ್ಲಿ ಕಿತ್ತಿಟ್ಟ ತಮ್ಮ ಕಟ್ಟಿನಿಂದ ಒಂದು ಹಿಡಿ ತಂದು ಕೊಡುತ್ತೇವೆ. ಮೈಗೆ ಬಲ ಬರಲಿ, ರಕ್ತ ಶುದ್ಧವಾಗಲಿ, ಮನಸ್ಸು ಗಟ್ಟಿಯಾಗಲಿ ಎಂದು. ಬೇಡ ಎನ್ನುವ ಹಾಗಿಲ್ಲ, ಎಂದರೆ ಆ ಮನೆಗೆ ಅವಮಾನ. ಊರಿಗೆಲ್ಲ ಕೊಡುವವಳಿಗೆ ಈಗ ಊರೇ ಕೊಡುವ ಸರದಿ. ಹಳದಿ ಹೂವಿನ ಕಾಂತಾರಿಯೊನ್ ಬಂತು, ಅದರ ಕಷಾಯ ಬೇಸರಕ್ಕೆ ಒಳ್ಳೆಯದು. ರಾಕಿಯಾ ಸಾರಾಯಿಯಲ್ಲಿ ನೆನೆಸಿದ ಬೆಳ್ಳುಳ್ಳಿ ಬಂತು. ನಿದ್ದೆಗೆಂದು ದಿಲ್ಯಾಂಕ ಬೇರು ಬಂತು. ಜರ್ಮನಿಯಲ್ಲಿರುವ ಮಗಳು ಜಿನ್ಸೆಂಗ್ ಎಂಬ ಬೇರಿನ ಮಾತ್ರೆ ಡಬ್ಬಿ ಕಳಿಸಿದಳು. ದಾಫಿನಕ್ಕ ಎಲ್ಲರ ಮರ್ಯಾದೆ ಉಳಿಸಿ ಎಲ್ಲವನ್ನೂ ಕುಡಿದಳು, ನುಂಗಿದಳು.

ಆಗ ಬಂದವಳು ಸೆವ್ದಾ. ಅವಳು ನಮ್ಮೂರಿನ ಆರೋಗ್ಯ ಕೇಂದ್ರಕ್ಕೆ ವಾರಕ್ಕೆರಡು ಸಲ ಬರುವ ನರ್ಸು. ಚಿಕ್ಕವಳಿದ್ದಾಗ ನಾಯಿಕೆಮ್ಮು ಬಂದು ದಾಫಿನಕ್ಕನ ಕಷಾಯ ಕುಡಿದೇ ದೊಡ್ಡವಳಾದವಳು. ರಕ್ತದ ಒತ್ತಡ ನೋಡಲು ಬಂದವಳ ಕಣ್ಣು ಮೇಜಿನ ಮೇಲಿನ ಗಾಜಿನ ಬಾಟಲಿಗಳ ಮೇಲೆ ಬಿತ್ತು. ಇದನ್ನೆಲ್ಲ ಆಸ್ಪತ್ರೆಯಲ್ಲಿ ಹೇಳಿದ್ದೀರಾ ಎಂದು ಕೇಳಿದಳು.

ದಾಫಿನಕ್ಕ ಹೇಳಿರಲಿಲ್ಲ. ಔಷಧಿ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಅಲ್ಲಿ ಕೇಳಿದ್ದರಂತೆ. ಇಲ್ಲ, ನನ್ನ ಜೀವಮಾನದಲ್ಲೇ ಒಂದು ಮಾತ್ರೆ ನುಂಗಿದವಳಲ್ಲ ಎಂದು ತಲೆ ಎತ್ತಿ ಹೇಳಿ ಬಂದಿದ್ದಳು. ಸುಳ್ಳು ಹೇಳಿದಳೆಂದುಕೊಳ್ಳಬೇಡಿ. ಔಷಧಿ ಎಂದರೆ ಔಷಧಿ ಅಂಗಡಿಯಲ್ಲಿ ಸಿಗುವುದು, ಬೆಟ್ಟದಲ್ಲಿ ಬೆಳೆದದ್ದು ಊಟದ ಹಾಗೆ, ಎಂದೇ ನಮ್ಮೂರಲ್ಲಿ ಎಲ್ಲರ ತಿಳಿವಳಿಕೆ. ಜರ್ಮನಿಯ ಮಾತ್ರೆಯೂ ಬೇರಿನದೇ ಆದ್ದರಿಂದ ಅದೂ ಊಟದ ಲೆಕ್ಕಕ್ಕೆ ಸೇರಿತ್ತು.

ಸೆವ್ದಾ ಕುಳಿತುಕೊಂಡು ನಿಧಾನವಾಗಿ ವಿವರಿಸಿದಳು. ಬೆಳ್ಳುಳ್ಳಿಯನ್ನು ಹೀಗೆ ಔಷಧಿಯ ಪ್ರಮಾಣದಲ್ಲಿ ದಿನಾ ತೆಗೆದುಕೊಂಡರೆ ರಕ್ತ ಬೇಗ ಹೆಪ್ಪುಗಟ್ಟದೆ ಹೋಗಬಹುದು. ದಿಲ್ಯಾಂಕ ಅರಿವಳಿಕೆಯ ಜೊತೆ ಸೇರಿ ಮಂಪರು ಹೆಚ್ಚಿಸಬಹುದು. ಕಾಂತಾರಿಯೊನ್ ಇತರ ಔಷಧಿಗಳು ಮೈಯಲ್ಲಿ ಕೆಲಸ ಮಾಡುವ ರೀತಿಯನ್ನೇ ಬದಲಿಸುತ್ತದೆ. ಫೋನ್ ಮಾಡಿ ಡಾಕ್ಟರಿಗೆ ತಿಳಿಸೋಣ ಎಂದಳು.

ದಾಫಿನಕ್ಕನಿಗೆ ಸಿಟ್ಟು ನೆತ್ತಿಗೇರಿತು.

"ನನ್ನ ಕಷಾಯ ಕುಡ್ದು ಬದುಕಿದವಳು ನೀನು, ನೆನಪಿದ್ಯೇನೇ? ಇವತ್ತು ಬಿಳೀ ಕೋಟು ಹಾಕ್ಕೊಂಡು ಬಂದು ನನ್ನ ಗಿಡಾನೇ ವಿಷ ಅಂತೀಯ."

"ವಿಷ ಅಂತ ನಾನೆಲ್ಲಿ ಅಂದೆ ದಾಫಿನಕ್ಕ?" ಎಂದಳು ಸೆವ್ದಾ. "ನಿಮ್ಮ ಗಿಡಕ್ಕೆ ಶಕ್ತಿ ಇದೆ ಅಂತ ನನ್ನಷ್ಟು ಗೊತ್ತಿರೋರು ಯಾರಿದ್ದಾರೆ? ಆಪರೇಷನ್ ದಿನ ಆ ಶಕ್ತಿ ರಜಾ ತಗೊಂಡು ಮನೇಲಿರುತ್ತಾ? ಅದೂ ನಿಮ್ಮ ಜೊತೆಗೇ ಬರುತ್ತೆ. ಬರ್ತಿದೆ ಅಂತ ಡಾಕ್ಟ್ರಿಗೆ ಒಂದು ಮಾತು ಹೇಳಿ ಅಂತಷ್ಟೇ ನಾನು ಕೇಳ್ತಿರೋದು."

ದಾಫಿನಕ್ಕ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಕಪಾಟಿನೊಳಗೆ ಇಟ್ಟಳು. ಹೇಳಿದರೆ ಆಪರೇಷನ್ ಮುಂದೆ ಹಾಕುತ್ತಾರೆ, ಮುಂದೆ ಹಾಕಿದರೆ ಎನ್ಯೊವ್ ಹಬ್ಬಕ್ಕೆ ಕುತ್ತಿಗೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿರಬೇಕಾಗುತ್ತದೆ, ಹೆಂಗಸರ ಮುಂದೆ ಬೇರೆ ಯಾರೋ ನಡೆಯುತ್ತಾರೆ. ಇದು ಅವಳ ಮನಸ್ಸಿನಲ್ಲಿದ್ದ ಭಯ, ನನಗೆ ಆಮೇಲೆ ಹೇಳಿದಳು. ನಾನೇ ಫೋನ್ ಮಾಡಲೇ ಎಂದು ಸೆವ್ದಾ ಮತ್ತೆ ಕೇಳಿದಾಗ, ಅಲ್ಲಿಗೆ ಹೋದ ಮೇಲೆ ನಾನೇ ನೋಡಿಕೊಳ್ಳುತ್ತೇನೆ, ನೀನು ನಡುವೆ ಬಾಯಿ ಹಾಕಬೇಡ ಎಂದು ಮುಖ ತಿರುಗಿಸಿದಳು. ಸೆವ್ದಾ ಹೋಗುವಾಗ ಬಾಗಿಲಲ್ಲಿ ನಿಂತು ದಾಫಿನಕ್ಕನ ಗಂಡ ವಲ್ಕೋನಿಗೆ, ಅಲ್ಲಿ ಅರಿವಳಿಕೆ ಡಾಕ್ಟರು ಬಂದೇ ಬರುತ್ತಾರೆ, ಆಗಲಾದರೂ ಹೇಳಿಸಿ ಮಾವ ಎಂದು ಕೇಳಿಕೊಂಡಳು. ವಲ್ಕೋ, ನಲವತ್ತು ವರ್ಷದಿಂದ ಇವಳ ಕೈಲಿ ನಾನು ಏನನ್ನೂ ಹೇಳಿಸಿಲ್ಲ ಕಣಮ್ಮ, ಪ್ರಯತ್ನ ಮಾಡ್ತೀನಿ ಎಂದ.

ಆಪರೇಷನ್ನಿನ ಹಿಂದಿನ ದಿನ ನನ್ನ ಕಾರಿನಲ್ಲೇ ಇಬ್ಬರನ್ನೂ ಪಟ್ಟಣಕ್ಕೆ ಕರೆದುಕೊಂಡು ಹೋದೆ. ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚ ಕೊಟ್ಟರು. ಆಚೆ ಮಂಚದಲ್ಲಿ ನಿಕೋಲೆತ ಎಂಬ ಪಟ್ಟಣದ ಹೆಂಗಸು, ಪಿತ್ತಕೋಶದ ಕಲ್ಲು ತೆಗೆಸಲು ಬಂದಿದ್ದವಳು. ಆಸ್ಪತ್ರೆಯಲ್ಲೂ ತುಟಿಗೆ ಬಣ್ಣ, ಉಗುರಿಗೆ ಬಣ್ಣ. ದಾಫಿನಕ್ಕನ ಚೀಲದಿಂದ ಬಂದ ಒಣಗಿದ ಗಿಡದ ವಾಸನೆಗೆ ಮೂಗು ಮುರಿದಳು. ನಾನು ನೋಡಿದೆ, ದಾಫಿನಕ್ಕನೂ ನೋಡಿದಳು.

ಸಂಜೆ ಅರಿವಳಿಕೆ ಡಾಕ್ಟರು ಬಂದರು. ಮಂತರೋವ್ ಎಂದು ಹೆಸರು, ಮಾತು ಮೆತ್ತಗೆ. ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕುಳಿತರು. ಹಲ್ಲು ಸಡಿಲ ಇದೆಯೇ, ಹಿಂದೆ ಆಪರೇಷನ್ ಆಗಿದೆಯೇ, ಯಾವುದಾದರೂ ಔಷಧಿಗೆ ಮೈ ಕೆರೆತ ಬರುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ದಿನಾ ತೆಗೆದುಕೊಳ್ಳುವ ಮಾತ್ರೆ ಇದೆಯೇ ಎಂದಾಗ ದಾಫಿನಕ್ಕ ಮತ್ತೆ ತಲೆ ಎತ್ತಿ ಇಲ್ಲ ಎಂದಳು. ವಲ್ಕೋ ಕೆಮ್ಮಿದ. ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. ಮನೆಯಲ್ಲಿ ಕಷಾಯ, ಬೇರು, ಸೊಪ್ಪು, ಅಂಥದ್ದೇನಾದರೂ ಕುಡಿಯುತ್ತೀರಾ ಎಂದು ಕೇಳಿದರು.

ದಾಫಿನಕ್ಕ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತತೊಡಗಿದಳು. ಅವಳು ಸುಮ್ಮನೆ ತಲೆ ಅಲ್ಲಾಡಿಸಿ ಇಲ್ಲ ಎಂದುಬಿಟ್ಟಿದ್ದರೆ ಡಾಕ್ಟರು ಎದ್ದು ಹೋಗುತ್ತಿದ್ದರು, ಬೆಳಗ್ಗೆ ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ಅಷ್ಟರಲ್ಲಿ ಆಚೆ ಮಂಚದಿಂದ ನಿಕೋಲೆತ ಬಾಯಿ ಹಾಕಿದಳು.

"ಬಿಡಿ ಡಾಕ್ಟ್ರೇ, ಬೆಟ್ಟದೋರು ಕುಡಿಯೋದು ಬರೀ ಹುಲ್ಲು. ಹಸು ತಿಂದ ಹಾಗೆ. ಅದ್ರಿಂದ ಏನಾಗುತ್ತೆ, ಏನೂ ಆಗಲ್ಲ."

ದಾಫಿನಕ್ಕನನ್ನು ನೀವು ನೋಡಬೇಕಿತ್ತು. ಮಲಗಿದ್ದವಳು ಸೆಟೆದು ಎದ್ದು ಕುಳಿತಳು. ತಲೆವಸ್ತ್ರ ಸರಿಮಾಡಿಕೊಂಡಳು. ನಿಕೋಲೆತಳ ಕಡೆ ತಿರುಗಿಯೂ ನೋಡದೆ ಡಾಕ್ಟರಿಗೇ ಹೇಳಿದಳು.

"ಹುಲ್ಲಲ್ಲ ಡಾಕ್ಟ್ರೇ. ಬರ್ಕೊಳ್ಳಿ, ನಾನು ಹೇಳ್ತೀನಿ. ನನ್ನ ಗಿಡಕ್ಕೆ ಏನೂ ಆಗಿಸೋ ಶಕ್ತಿ ಇಲ್ಲ ಅಂದ್ರೆ ನಾನು ಒಪ್ಪಲ್ಲ."

ಆಮೇಲೆ ಶುರುವಾಯಿತು ನೋಡಿ. ಕಾಂತಾರಿಯೊನ್ ಎಷ್ಟು ಲೋಟ, ಎಷ್ಟು ತಿಂಗಳಿಂದ, ಯಾವ ಇಳಿಜಾರಿನದು, ಎಷ್ಟು ಹೊತ್ತು ಕುದಿಸಿದ್ದು. ಬೆಳ್ಳುಳ್ಳಿ ರಾಕಿಯಾ ಬೆಳಗ್ಗೆ ಎಷ್ಟು, ಸಂಜೆ ಎಷ್ಟು. ದಿಲ್ಯಾಂಕ ಬೇರು, ಜರ್ಮನಿಯ ಮಾತ್ರೆ, ಒಂದನ್ನೂ ಬಿಡಲಿಲ್ಲ. ತನ್ನ ಮಕ್ಕಳ ಗುಣಗಾನ ಮಾಡುವ ತಾಯಿಯಂತೆ ಹೇಳಿದಳು. ಡಾಕ್ಟರು ಎರಡು ಕಡೆ ನಿಲ್ಲಿಸಿ, ಇನ್ನೊಮ್ಮೆ ಹೇಳಿ ಎಂದು ಕೇಳಿ ಬರೆದುಕೊಂಡರು. ನಗಲಿಲ್ಲ, ಬೈಯಲಿಲ್ಲ. ಕೊನೆಗೆ ಪೆನ್ನು ಮುಚ್ಚಿ, ನಾಳೆ ನಿಮ್ಮ ಆಪರೇಷನ್ ಮಾಡುವುದಿಲ್ಲ ಎಂದರು.

ದಾಫಿನಕ್ಕನ ಮುಖ ಇಳಿದುಹೋಯಿತು. ಹೇಳಿದ್ದಕ್ಕೆ ಇದೇನಾ ಬಹುಮಾನ ಎಂದು ಕೇಳಿದಳು. ಆಗ ಮಂತರೋವ್ ತಮ್ಮ ಕುತ್ತಿಗೆಯ ಮೇಲೆ ಬೆರಳಿಟ್ಟು ತೋರಿಸಿದರು.

"ನಿಮ್ಮ ಗಂಟು ಇರೋದು ಇಲ್ಲಿ, ಶ್ವಾಸನಾಳದ ಮೇಲೇ. ಹೊಟ್ಟೇಲಿ ಸ್ವಲ್ಪ ರಕ್ತ ಸೋರಿದ್ರೆ ನಮಗೆ ಯೋಚನೆ ಮಾಡೋಕೆ ಹೊತ್ತಿರುತ್ತೆ. ಇಲ್ಲಿ ಸೋರಿದ್ರೆ ಜಾಗ ಇಲ್ಲ ತಾಯಿ, ಆ ರಕ್ತಾನೇ ಉಸಿರನ್ನ ಒತ್ತಿಬಿಡುತ್ತೆ. ನೀವು ಹೇಳದೇ ಇದ್ದಿದ್ರೆ ನಾನು ಕಣ್ಣು ಕಟ್ಟಿಕೊಂಡು ನಿಮ್ಮನ್ನ ಮಲಗಿಸ್ತಿದ್ದೆ. ನಾನು ಕೊಡೋ ಔಷಧಿ, ನೀವು ಕುಡಿದ ಔಷಧಿ, ಎರಡೂ ನಿಮ್ಮ ಮೈಯೊಳಗೆ ಮೊದಲನೇ ಸಲ ಭೇಟಿ ಆಗೋವು. ಅದು ನನಗೆ ಗೊತ್ತಿರಬೇಕಲ್ವಾ?"

ಅವರು ಅವಳ ಗಿಡವನ್ನು ಔಷಧಿ ಎಂದರು. ಆ ಮಾತಿಗೆ ದಾಫಿನಕ್ಕನ ಸಿಟ್ಟು ಅರ್ಧ ಇಳಿಯಿತು. ಬೆಳ್ಳುಳ್ಳಿ ರಾಕಿಯಾ, ಜಿನ್ಸೆಂಗ್, ಕಾಂತಾರಿಯೊನ್ ಈಗಲೇ ನಿಲ್ಲಿಸಿ, ಮೈಯಿಂದ ಅವುಗಳ ಪ್ರಭಾವ ಇಳಿಯಲು ಸಾಮಾನ್ಯವಾಗಿ ಎರಡು ವಾರವಾದರೂ ಬೇಕು ಎಂದರು. ದಿಲ್ಯಾಂಕವನ್ನು ಮಾತ್ರ ಒಮ್ಮೆಲೇ ಬಿಡಬೇಡಿ, ದಿನಾ ಕುಡಿದವರು ಥಟ್ಟನೆ ನಿಲ್ಲಿಸಿದರೆ ಮೈ ತಳಮಳಿಸುತ್ತದೆ, ನಾನು ಹೇಳಿದ ಹಾಗೆ ಕಡಿಮೆ ಮಾಡುತ್ತಾ ಬನ್ನಿ ಎಂದರು. ಅಡುಗೆಗೆ ಹಾಕುವ ಬೆಳ್ಳುಳ್ಳಿಯನ್ನೂ ಬಿಡಬೇಕೇ ಎಂದು ವಲ್ಕೋ ಗಾಬರಿಯಿಂದ ಕೇಳಿದ. ಸಾರಿಗೆ ಹಾಕುವಷ್ಟಕ್ಕೆ ಚಿಂತೆ ಇಲ್ಲ, ಬಾಟಲಿಯಲ್ಲಿ ಇರುವುದರದ್ದೇ ಯೋಚನೆ ಎಂದು ಡಾಕ್ಟರು ಹೇಳಿದ ಮೇಲೆ ಅವನಿಗೆ ಸಮಾಧಾನವಾಯಿತು.

ಡಾಕ್ಟರು ಎದ್ದು ಆಚೆ ಮಂಚದತ್ತ ತಿರುಗಿ, ನೀವು ಏನು ತೆಗೆದುಕೊಳ್ಳುತ್ತೀರಿ ಎಂದು ನಿಕೋಲೆತಳನ್ನು ಕೇಳಿದರು. ಅವಳು ಏನೂ ಇಲ್ಲ ಎಂದಳು. ಏನೂ ಅಂದರೆ ಏನೂ ಇಲ್ಲವೇ ಎಂದು ಮತ್ತೆ ಕೇಳಿದಾಗ, ಚರ್ಮಕ್ಕೆ, ಕೂದಲಿಗೆ, ನೆನಪಿಗೆ ಅಂತ ಒಂದಿಷ್ಟು ವಿಟಮಿನ್ ಅಷ್ಟೇ, ಅದು ಔಷಧಿಯಲ್ಲ ಎಂದು ಕೈಚೀಲ ಬಿಚ್ಚಿದಳು. ಮೀನೆಣ್ಣೆ, ವಿಟಮಿನ್ ಇ, ಗಿಂಕೋ ಎಲೆಯ ಮಾತ್ರೆ, ತೂಕ ಇಳಿಸುವ ಪುಡಿ. ಬಣ್ಣಬಣ್ಣದ ಡಬ್ಬಿಗಳು ಹೊದಿಕೆಯ ಮೇಲೆ ಸಾಲಾಗಿ ಕುಳಿತವು. ದಾಫಿನಕ್ಕ ಅವುಗಳನ್ನು ಕತ್ತು ಚಾಚಿ ನೋಡಿದಳು.

"ಹಸು ಒಂದೇ ಅಲ್ಲ ನೋಡಮ್ಮ, ಕೊಟ್ಟಿಗೇಲಿ ಎರಡಿವೆ," ಎಂದಳು.

ನಿಕೋಲೆತ ಜೋರಾಗಿ ನಕ್ಕಳು. ಅವಳ ಆಪರೇಷನ್ನೂ ಮುಂದೆ ಹೋಯಿತು. ಮರುದಿನ ನಾಲ್ವರೂ ನನ್ನ ಕಾರಿನಲ್ಲೇ ಹೊರಟೆವು. ದಾರಿಯಲ್ಲಿ ಅವಳನ್ನು ಮನೆಗಿಳಿಸಿ ನಾವು ಬೆಟ್ಟ ಹತ್ತಿದೆವು.

ಊರಲ್ಲಿ ಮಾತು ಎದ್ದಿತು. ಆಸ್ಪತ್ರೆಯವರು ವಾಪಸ್ ಕಳಿಸಿದರಂತೆ, ನಾವು ಕೊಟ್ಟದ್ದನ್ನೆಲ್ಲ ಬೇಡ ಎಂದರಂತೆ, ನಮ್ಮ ಗಿಡಕ್ಕೆ ಬೆಲೆಯೇ ಇಲ್ಲವಂತೆ. ದಾಫಿನಕ್ಕ ಯಾರ ಜೊತೆಗೂ ಜಗಳ ಮಾಡಲಿಲ್ಲ. ಬಾವಿಕಟ್ಟೆಯ ಹತ್ತಿರ ಹೆಂಗಸರು ಸೇರಿದ್ದಾಗ ತಾನೇ ಹೋಗಿ ನಿಂತು, ನಿಮ್ಮ ಗಿಡಕ್ಕೆ ಹೆದರಿ ದೊಡ್ಡ ಡಾಕ್ಟರು ಆಪರೇಷನ್ನೇ ನಿಲ್ಲಿಸಿದರು, ಇದಕ್ಕಿಂತ ಬೆಲೆ ಇನ್ನೇನು ಬೇಕು ನಿಮಗೆ ಎಂದು ಕೇಳಿದಳು. ಅಲ್ಲಿಗೆ ಆ ಮಾತು ನಿಂತಿತು. ಮನೆಗೆ ಬಂದು ಸೆವ್ದಾಳನ್ನು ಕರೆಸಿ ಮಜ್ಜಿಗೆ ಕೊಟ್ಟು, ಬೈದದ್ದು ಮರೆತುಬಿಡು ಎಂದಳು. ಅವಳ ಬಾಯಲ್ಲಿ ಅಂಥ ಮಾತು ನಾನು ಮೊದಲು ಕೇಳಿರಲಿಲ್ಲ. ವಲ್ಕೋ ಮಾತ್ರ, ಅವಳ ಪಾಲಿನ ಬೆಳ್ಳುಳ್ಳಿ ರಾಕಿಯಾ ಹಾಳಾಗಬಾರದಲ್ಲ ಎಂದು ತಾನೇ ಕುಡಿದು ಮುಗಿಸಿದ.

ಹೊಸ ದಿನ ಎನ್ಯೊವ್ ಹಬ್ಬದ ಹಿಂದಿನ ದಿನಕ್ಕೇ ಬಂತು. ಅವಳು ಹೆದರಿದ್ದು ಆಗಿಯೇ ಹೋಯಿತು. ಆದರೂ ಒಂದು ಮಾತು ಗೊಣಗಲಿಲ್ಲ. ಹೊರಡುವ ಮುಂಚೆ ನನ್ನನ್ನು ಕರೆದು, ಈ ಸಲ ನೀನು ಮುಂದೆ ನಡಿ ಎಂದಳು. ಆ ಕೆಲಸ ಅವಳು ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಆಪರೇಷನ್ ದಿನ ವಲ್ಕೋ ಮತ್ತು ನಾನು ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆವು. ನಗೆಚಾಟಿಕೆಯ ಮನುಷ್ಯ ಅವತ್ತು ಒಂದು ತಮಾಷೆಯನ್ನೂ ಮಾಡಲಿಲ್ಲ, ಟೋಪಿಯನ್ನು ಹಿಚುಕುತ್ತಾ ಕುಳಿತ. ಹೇಳಿದ್ದಕ್ಕಿಂತ ಹೊತ್ತಾಯಿತು. ಕೊನೆಗೆ ಆಪರೇಷನ್ ಮಾಡಿದ ಡಾಕ್ಟರು ಹೊರಗೆ ಬಂದರು. ಗಂಟು ನಾವೆಣಿಸಿದ್ದಕ್ಕಿಂತ ದೊಡ್ಡದಿತ್ತು, ಎದೆಯೊಳಗೂ ಇಳಿದಿತ್ತು ಎಂದರು. ಒಂದು ಕಡೆ ರಕ್ತ ನಿಲ್ಲಿಸಲು ಬಹಳ ಕಷ್ಟವಾಯಿತು, ನಿಂತಿತು, ಈಗ ಚೆನ್ನಾಗಿದ್ದಾರೆ ಎಂದರು. ವಲ್ಕೋ, ಹೋದ ತಿಂಗಳೇ ಮಾಡಿದ್ದರೆ ನಿಲ್ಲುತ್ತಿತ್ತಾ ಡಾಕ್ಟ್ರೇ ಎಂದು ಕೇಳಿದ. ಡಾಕ್ಟರು, ಅವತ್ತು ಮಾಡದೇ ಇದ್ದದ್ದು ಒಳ್ಳೆಯದಾಯಿತು ಎಂದಷ್ಟೇ ಹೇಳಿ ಅವನ ಭುಜ ಮುಟ್ಟಿ ಒಳಗೆ ಹೋದರು. ವಲ್ಕೋ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಮರುದಿನ ಬೆಳಕು ಹರಿಯುವ ಮುಂಚೆ ನಾನು ಹುಲ್ಲುಗಾವಲಿಗೆ ಮುಂದೆ ನಡೆದೆ. ಕಿತ್ತದ್ದರಲ್ಲಿ ಒಳ್ಳೆಯದನ್ನೆಲ್ಲ ಕಟ್ಟಿಕೊಂಡು ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ದಾಫಿನಕ್ಕ ದಿಂಬಿಗೆ ಒರಗಿ ಕುಳಿತಿದ್ದಳು, ಉಸಿರಿನಲ್ಲಿ ಶಿಳ್ಳೆ ಇರಲಿಲ್ಲ. ಕಟ್ಟನ್ನು ಎದೆಗೊತ್ತಿ ವಾಸನೆ ತೆಗೆದುಕೊಂಡಳು. ಆಮೇಲೆ ಅದನ್ನು ಕಿಟಕಿಯ ಮೇಲಿಟ್ಟು, ಮಂತರೋವ್ ಬಂದಾಗ, ಇದನ್ನು ಯಾವಾಗಿಂದ ಮತ್ತೆ ಕುಡಿಯಬಹುದು ಎಂದು ಕೇಳಿದಳು. ಅವರು ಹೇಳುವವರೆಗೂ ಮುಟ್ಟಲಿಲ್ಲ.

ಈಗ ಅವಳು ಮೊದಲಿನ ಹಾಗೇ ಏರು ಹತ್ತುತ್ತಾಳೆ. ಶನಿವಾರದ ಸಂತೆಯಲ್ಲಿ ಮೊದಲಿನ ಹಾಗೇ ಗಿಡಮೂಲಿಕೆ ಮಾರುತ್ತಾಳೆ. ಕೊಳ್ಳಲು ಬಂದವರನ್ನೆಲ್ಲ, ಆಪರೇಷನ್ ಏನಾದರೂ ಇದೆಯೇ ಎಂದು ಕೇಳುವುದು ಮಾತ್ರ ಹೊಸತು. ಹೋದ ವಾರ ಪ್ಲೋವ್ದಿವ್‌ ನಗರದಿಂದ ಬಂದ ಒಬ್ಬ ಕಾರು ನಿಲ್ಲಿಸಿ, ಇದ್ದ ಕಾಂತಾರಿಯೊನ್ ಎಲ್ಲ ಕಟ್ಟಿಕೊಡಿ, ಅಮ್ಮನಿಗೆ ಮುಂದಿನ ವಾರ ಸೊಂಟದ ಆಪರೇಷನ್, ಬಲ ಬರಲಿ ಎಂದ. ದಾಫಿನಕ್ಕ ಕಟ್ಟಿಟ್ಟ ಪೊಟ್ಟಣವನ್ನು ಬಿಚ್ಚಿ ಬುಟ್ಟಿಗೆ ಸುರಿದುಕೊಂಡಳು. ಅವನು ಇನ್ನೂ ಹೆಚ್ಚು ಕೊಡುತ್ತೇನೆ ಎಂದ.

"ದುಡ್ಡಿನ ಮಾತಲ್ಲಪ್ಪ. ಕೆಲಸಕ್ಕೆ ಬಾರದ್ದಾಗಿದ್ರೆ ನಿಂಗೆ ಈಗ್ಲೇ ಮಾರಿಬಿಡ್ತಿದ್ದೆ," ಎಂದಳು. "ಮೊದ್ಲು ಮನೆಗೆ ಹೋಗಿ ನಿಮ್ಮಮ್ಮ ಏನೇನು ಕುಡೀತಿದ್ದಾರೆ ಕೇಳು. ಅದನ್ನ ಡಾಕ್ಟ್ರಿಗೆ ಹೇಳು. ಅವರು ಮೇಲೆ ಎದ್ದು ಓಡಾಡಿದ ಮೇಲೆ ಬಾ, ನಾನೇ ಪುಕ್ಕಟೆ ಕೊಡ್ತೀನಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರು ಯಾವುದಾದರೂ ಇರಲಿ, ನಿಮ್ಮ ಮನೆಯಲ್ಲೂ ಒಂದು ಕಷಾಯ ಇರುತ್ತದೆ, ಒಂದು ಚೂರ್ಣ, ಒಂದು ಲೇಹ್ಯ, ಮಗ ಪರದೇಶದಿಂದ ಕಳಿಸಿದ ಒಂದು ವಿಟಮಿನ್ ಡಬ್ಬಿ ಇರುತ್ತದೆ. ಅದರ ಬಗ್ಗೆ ಹೆಮ್ಮೆ ಇರಲಿ. ಆಪರೇಷನ್ ಗೊತ್ತಾದ ದಿನವೇ ಎಲ್ಲವನ್ನೂ ಡಾಕ್ಟರ ಮುಂದೆ ಇಡಿ, ಡಬ್ಬಿ ಇದ್ದರೆ ಡಬ್ಬಿಯನ್ನೇ ಒಯ್ಯಿರಿ. ಅವರು ಕೇಳದಿದ್ದರೂ ಹೇಳಿ. ಯಾವುದನ್ನು ನಿಲ್ಲಿಸಬೇಕು, ಯಾವಾಗ, ಹೇಗೆ, ಮತ್ತೆ ಯಾವಾಗ ಶುರು ಮಾಡಬೇಕು ಎಂದು ಅವರೇ ಹೇಳಲಿ. ಡಾಕ್ಟರು ಬರೆದುಕೊಟ್ಟ ಬಿಪಿ, ಸಕ್ಕರೆ ಮಾತ್ರೆಗಳನ್ನು ನೀವಾಗಿಯೇ ಬಿಡಬೇಡಿ, ಅದನ್ನೂ ಕೇಳಿ. ಆಪರೇಷನ್ ಒಂದೆರಡು ವಾರ ಮುಂದೆ ಹೋದರೆ ಹೋಗಲಿ. ಹೊರಗೆ ಬೆಂಚಿನ ಮೇಲೆ ಟೋಪಿ ಹಿಚುಕುತ್ತಾ ಕೂತಿರುವವರ ಹತ್ತಿರ ನೀವು ಎದ್ದು ನಡೆದು ಬರಬೇಕು, ನಮಗೆ ಬೇಕಾದದ್ದು ಅಷ್ಟೇ.